ಪ್ರಕೃತಿಯ ಹೆಸರಿನ ನೀತಿ: ಆರು ಭಾನುವಾರಗಳ ತರಗತಿಯ ವಿಮರ್ಶೆ

ನೀತಿಶಾಸ್ತ್ರವನ್ನು ಕನ್ನಡದಲ್ಲಿಯೇ ಹೇಳಿಕೊಡುವ ಆನ್‌ಲೈನ್ ತರಗತಿಯೊಂದಕ್ಕೆ 1,500 ರೂಪಾಯಿ ಕಟ್ಟಿ, ಆರು ಭಾನುವಾರ ತಲಾ ಎರಡು ಗಂಟೆ ಕುಳಿತು ಮುಗಿಸಿದ್ದೇನೆ. ಮೊದಲ ಮೂರು ವಾರ, ಮನುಷ್ಯನ ಸ್ವಭಾವದಲ್ಲಿಯೇ ಒಳಿತು ಕೆಡುಕುಗಳ ಆಧಾರವಿದೆ ಎನ್ನುವ ನೈಸರ್ಗಿಕ ನಿಯಮದ ನೀತಿಗೂ ಅದರ ತೊಡಕುಗಳಿಗೂ, ಉಳಿದ ಮೂರು ವಾರ ವ್ಯಕ್ತಿಯಲ್ಲಿ ನೀತಿಪ್ರಜ್ಞೆ ಬೆಳೆಯುವ ಬಗೆಗೂ ಮೀಸಲಾಗಿದ್ದವು. ಮೊದಲರ್ಧಕ್ಕೆ ಕೊಟ್ಟ ಹಣ ಸಾರ್ಥಕ; ಎರಡನೆಯದರ ಬಗ್ಗೆ ಹಾಗೆನ್ನಲಾರೆ.

ಒಳಿತನ್ನು ಮಾಡಬೇಕು, ಕೆಡುಕನ್ನು ತೊರೆಯಬೇಕು ಎಂಬ ಮೂಲಸೂತ್ರದಿಂದ ಹೊರಟು, ಜೀವ ಉಳಿಸಿಕೊಳ್ಳುವ, ಮಕ್ಕಳನ್ನು ಹೆತ್ತು ಸಾಕುವ, ಸಮಾಜದಲ್ಲಿ ಕೂಡಿ ಬಾಳುವ ಸಹಜ ಒಲವುಗಳಲ್ಲಿಯೇ ಮನುಷ್ಯನ ಕರ್ತವ್ಯಗಳನ್ನು ಗುರುತಿಸಿದ 13ನೆಯ ಶತಮಾನದ ಕ್ರೈಸ್ತ ತತ್ತ್ವಜ್ಞಾನಿ ಥಾಮಸ್ ಅಕ್ವಿನಾಸ್‌ನ ವಾದವನ್ನು ಅಧ್ಯಾಪಕರು ಗೇಲಿ ಮಾಡದೆ, ಅದರ ಪೂರ್ಣ ಬಲದೊಡನೆ ಮುಂದಿಟ್ಟರು. ಆಮೇಲೆಯೇ ಪ್ರಶ್ನೆ ಎತ್ತಿದರು: ಯಾವುದು ಪ್ರಕೃತಿ ಎಂದು ತೀರ್ಮಾನಿಸುವವರು ಯಾರು? 1550-51ರಲ್ಲಿ ಸ್ಪೇನಿನ ವಲ್ಲಡೋಲಿಡ್‌ನಲ್ಲಿ ನಡೆದ ವಾದದಲ್ಲಿ, ಅಮೆರಿಕದ ಮೂಲನಿವಾಸಿಗಳು ಸ್ವಭಾವತಃ ಗುಲಾಮರು ಎಂದು ವಿದ್ವಾಂಸ ಸೆಪುಲ್ವೇದ ಅರಿಸ್ಟಾಟಲನನ್ನು ಮುಂದಿಟ್ಟುಕೊಂಡು ಅವರ ಮೇಲಿನ ಯುದ್ಧವನ್ನು ಸಮರ್ಥಿಸಿದರೆ, ಅವರೂ ವಿವೇಕವುಳ್ಳ ಮನುಷ್ಯರೇ ಎಂದು ಪಾದ್ರಿ ಲಾಸ್ ಕಾಸಾಸ್ ಅದೇ ಪರಂಪರೆಯೊಳಗೆ ನಿಂತು ಎದುರು ವಾದಿಸಿದ. ಈ ಒಂದು ಪ್ರಸಂಗಕ್ಕೆ ಮುಕ್ಕಾಲು ಗಂಟೆ ಕೊಟ್ಟದ್ದು ತರಗತಿಯ ಅತ್ಯುತ್ತಮ ನಿರ್ಧಾರ. ‘ಪ್ರಕೃತಿಯ ವ್ಯವಸ್ಥೆಗೆ ವಿರುದ್ಧ’ ಎಂಬ ಮಾತನ್ನು 1860ರ ದಂಡಸಂಹಿತೆಯ 377ನೆಯ ಕಲಮು ನಮ್ಮ ಮೇಲೂ ಹೇರಿತ್ತು. ಸಲಿಂಗ ಸಂಬಂಧವೂ ಸೇರಿ ವಯಸ್ಕರ ಸಮ್ಮತಿಯ ಲೈಂಗಿಕ ಸಂಬಂಧವನ್ನು ಸುಪ್ರೀಂ ಕೋರ್ಟು ಅದರ ಹಿಡಿತದಿಂದ ಬಿಡಿಸಿದ್ದು 2018ರ ಸೆಪ್ಟೆಂಬರ್ 6ರಂದು. ‘ಇದೆ’ ಎಂಬುದರಿಂದ ‘ಇರಬೇಕು’ ಎಂಬುದು ತಾನಾಗಿ ಹುಟ್ಟದು ಎಂಬ ತತ್ತ್ವಜ್ಞಾನಿ ಡೇವಿಡ್ ಹ್ಯೂಮ್‌ನ ಆಕ್ಷೇಪದೊಂದಿಗೆ ಮೂರನೆಯ ವಾರ ಮುಗಿಯಿತು.

ಸಣ್ಣ ತಕರಾರೊಂದಿದೆ. ಟಿಪ್ಪಣಿಗಳಲ್ಲಿ ನೈಸರ್ಗಿಕ ನಿಯಮಕ್ಕೆ ಕೆಲವೆಡೆ ‘ಸಹಜ ನ್ಯಾಯ’ ಎಂದು ಬರೆದಿದ್ದಾರೆ. ನಮ್ಮ ಕೋರ್ಟುಗಳಲ್ಲಿ ಆ ಪದಕ್ಕೆ ಎದುರು ಪಕ್ಷದ ಅಹವಾಲನ್ನೂ ಕೇಳಿಯೇ ತೀರ್ಮಾನಿಸಬೇಕೆಂಬ ಬೇರೆಯೇ ಅರ್ಥವಿದೆ.

ಎರಡನೆಯರ್ಧ, ಮನೋವಿಜ್ಞಾನಿ ಲಾರೆನ್ಸ್ ಕೋಲ್‌ಬರ್ಗ್ ಹೇಳಿದ ನೀತಿಪ್ರಜ್ಞೆಯ ಬೆಳವಣಿಗೆಯ ಆರು ಹಂತಗಳನ್ನು, ಶಿಕ್ಷೆಯ ಭಯದಿಂದ ಸಾರ್ವತ್ರಿಕ ತತ್ತ್ವದವರೆಗೆ, ಏಣಿಯಂತೆ ನಿಲ್ಲಿಸಿತು. ಅವನ ಮೊದಲ ಅಧ್ಯಯನ ಹುಡುಗರನ್ನಷ್ಟೇ ಆಧರಿಸಿತ್ತು. ಅದನ್ನೆತ್ತಿ ಪ್ರಶ್ನಿಸಿದ ಮನೋವಿಜ್ಞಾನಿ ಕ್ಯಾರಲ್ ಗಿಲ್ಲಿಗನ್‌ಗೆ ಸಿಕ್ಕಿದ್ದು ಒಂದೇ ಸ್ಲೈಡು. ನನ್ನ ಮುಖ್ಯ ಆಕ್ಷೇಪ ಇದಕ್ಕಿಂತ ದೊಡ್ಡದು. ಬೆಳವಣಿಗೆಯಲ್ಲಿ ಆಮೇಲೆ ಬರುವುದೇ ಹೆಚ್ಚು ನೈತಿಕ ಎಂದು ಹೇಳಿದಾಗ, ಹ್ಯೂಮ್ ತೋರಿಸಿದ್ದ ಹಳ್ಳಕ್ಕೇ ತರಗತಿ ಮತ್ತೆ ಬಿದ್ದಿತ್ತು. ಈ ಆಕ್ಷೇಪಕ್ಕೆ ತಾನು ಉತ್ತರಿಸಬೇಕಾಗಿದೆ ಎಂದು ಬಲ್ಲ ಕೋಲ್‌ಬರ್ಗ್ 1971ರಲ್ಲಿ ಅದಕ್ಕೆಂದೇ ದೀರ್ಘ ಪ್ರಬಂಧ ಬರೆದಿದ್ದ. ಅದರ ಸುದ್ದಿಯನ್ನೇ ತರಗತಿ ಎತ್ತಲಿಲ್ಲ.

ಐದನೆಯ ವಾರ ಸಹಪಾಠಿಯೊಬ್ಬರು, ಮನೆಗೆಲಸದವರಿಗೆ ತಾವು ಬೇರೆ ಲೋಟ ಇಡುತ್ತಿದ್ದುದನ್ನೂ, ಹತ್ತು ವರ್ಷದ ಮಗಳು ಒಂದು ದಿನ ಅದೇ ಲೋಟದಲ್ಲಿ ಕಾಫಿ ಕುಡಿದು ಕುಳಿತಾಗ ನಾಚಿಕೆಯಿಂದ ಆ ಪದ್ಧತಿ ಬಿಟ್ಟುದನ್ನೂ ಹೇಳಿದರು. ತರ್ಕಕ್ಕಿಂತ ಮೊದಲು ನಾಚಿಕೆ ಬಂದಿತ್ತು. ಆ ಹಂತ ಯಾವ ಏಣಿಯಲ್ಲಿದೆ? ಇನ್ನಿಬ್ಬರು ಮಾತನಾಡಲು ಕೈಯೆತ್ತಿದ್ದರು. ಅಧ್ಯಾಪಕರು ಸಮಯವಾಯಿತೆಂದು ಎಲ್ಲರ ಮೈಕನ್ನೂ ಬಂದ್ ಮಾಡಿ, ಮುಂದಿನ ಸ್ಲೈಡಿಗೆ ಹೋದರು.

ಮೊದಲ ಮೂರು ವಾರಗಳನ್ನಷ್ಟೇ ಬೇರೆಯಾಗಿ ಕೊಡುವುದಾದರೆ ಧಾರಾಳವಾಗಿ ಸೇರಬಹುದು. ಸದ್ಯಕ್ಕೆ ಹಾಗೆ ಕೊಡುತ್ತಿಲ್ಲ.