ಉಪ್ಪುನೀರಲ್ಲಿ ಐದು ವರ್ಷ: ದೋಣಿ ಟ್ರೇಲರ್‌ನ ಎಲ್‌ಇಡಿ ಲೈಟ್ ಕಿಟ್, ಅದರ ವೈರಿಂಗ್

ದೀಪಗಳಿಗೆ ಐದರಲ್ಲಿ ನಾಲ್ಕೂವರೆ ನಕ್ಷತ್ರ ಕೊಡುತ್ತೇನೆ. ಅದೇ ಡಬ್ಬಿಯಲ್ಲಿ ಬಂದ ವೈರಿಗೆ, ವೈರು ಜೋಡಿಸುವ ಕ್ಲಿಪ್ಪುಗಳಿಗೆ ಒಂದೇ ಒಂದು. ಎರಡನ್ನೂ ಸೇರಿಸಿ ಸರಾಸರಿ ಹಾಕಿದರೆ ಕೊಳ್ಳುವವರಿಗೆ ಏನೂ ತಿಳಿಯುವುದಿಲ್ಲ, ಅದಕ್ಕೇ ಬೇರೆಬೇರೆಯಾಗಿ ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಹಾಕಿಲ್ಲ. 60 ಡಾಲರ್ ಆಸುಪಾಸಿಗೆ ಸಿಗುವ ಇಂಥ ಮೂರ್ನಾಲ್ಕು ಕಿಟ್‌ಗಳನ್ನು ಆಮೇಲೆ ಸ್ನೇಹಿತರ ಟ್ರೇಲರ್‌ಗಳಿಗೆ ಹಾಕಿಕೊಟ್ಟಿದ್ದೇನೆ. ಒಳಗಿನ ಸರಕು ಹೆಚ್ಚುಕಡಿಮೆ ಒಂದೇ ಬಗೆಯದು.

ನಾನು ಹುಟ್ಟಿದ್ದು ಗಂಗೊಳ್ಳಿ, ಈಗ ಇರುವುದು ಫ್ಲೋರಿಡಾದ ಸೇಂಟ್ ಪೀಟರ್ಸ್‌ಬರ್ಗ್. ನಮ್ಮೂರಲ್ಲಿ ದೋಣಿ ಮರಳ ಮೇಲಿರುತ್ತದೆ, ಇಲ್ಲವೇ ದಕ್ಕೆಯಲ್ಲಿ ಕಟ್ಟಿರುತ್ತದೆ. ಇಲ್ಲಿ ನನ್ನಂಥವರ ದೋಣಿ ಮನೆಯ ಪಕ್ಕ ಟ್ರೇಲರ್ ಮೇಲೆ ಕೂತಿರುತ್ತದೆ. ಮೀನಿಗೆ ಹೋಗುವ ದಿನ ಕಾರಿನ ಹಿಂದೆ ಸಿಕ್ಕಿಸಿ ಎಳೆದುಕೊಂಡು ಹೋಗಬೇಕು, ಸಮುದ್ರಕ್ಕೆ ಇಳಿಜಾರಾಗಿ ಕಟ್ಟಿರುವ ಕಾಂಕ್ರೀಟ್ ರ‍್ಯಾಂಪಿನಲ್ಲಿ ಹಿಂದಕ್ಕೆ ಇಳಿಸಬೇಕು. ಟ್ರೇಲರಿನ ಚಕ್ರ ಮುಳುಗುವಷ್ಟು ಇಳಿದ ಮೇಲೆ ದೋಣಿ ತಾನಾಗಿ ತೇಲುತ್ತದೆ. ಹಿಂದಿನ ದೀಪಗಳು ಆಗ ಪೂರ್ತಿ ನೀರೊಳಗೆ. ವಾಪಸ್ ಬರುವಾಗ ಇನ್ನೊಮ್ಮೆ. ನಾನು ಹೋಗುವ ಫೋರ್ಟ್ ಡಿಸೋಟೊ ಪಾರ್ಕ್ ಟ್ಯಾಂಪಾ ಕೊಲ್ಲಿಯ ಬಾಯಲ್ಲೇ ಇದೆ, ಅಲ್ಲಿನದು ಅಪ್ಪಟ ಕಡಲ ನೀರು, ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ತಿಂಗಳಿಗೆ ಮೂರು ಸಲವಾದರೂ ಹೋಗುತ್ತೇನೆ.

2020ರ ಏಪ್ರಿಲ್‌ನಲ್ಲಿ ಕಿಟ್ ತಂದೆ. ಟ್ರೇಲರಿನಲ್ಲಿ ಮೊದಲಿದ್ದದ್ದು ಬಲ್ಬಿನ ದೀಪ. ಅದರ ಕಷ್ಟ ಬೇರೆ. ಉರಿದು ಬಿಸಿಯಾದ ದೀಪ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಸಂದಿಯಿಂದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಬಲ್ಬಿನ ಹೋಲ್ಡರ್ ಒಂದೇ ಸೀಸನ್‌ಗೆ ತುಕ್ಕು. ಹೊಸ ಎಲ್‌ಇಡಿಯಲ್ಲಿ ಹೋಲ್ಡರೇ ಇಲ್ಲ, ಬೋರ್ಡನ್ನು ರಾಳದೊಳಗೆ ಹುದುಗಿಸಿ ಮುಚ್ಚಿರುತ್ತಾರೆ. ಇಡೀ ದೀಪ ಒಂದು ಗಟ್ಟಿ ಇಟ್ಟಿಗೆಯ ಹಾಗೆ. ಕೊಂಡದ್ದು ಸರಿಯಾಯಿತು ಅಂದುಕೊಂಡು, ಡಬ್ಬಿಯೊಳಗಿನ ಚೀಟಿ ನೋಡಿ, ಡಬ್ಬಿಯಲ್ಲಿದ್ದ ವೈರು ಎಳೆದು, ಡಬ್ಬಿಯಲ್ಲಿದ್ದ ನೀಲಿ ಕ್ಲಿಪ್ಪುಗಳನ್ನೇ ಒತ್ತಿ ಅರ್ಧ ದಿನದಲ್ಲಿ ಕೆಲಸ ಮುಗಿಸಿದೆ.

ಹದಿನಾಲ್ಕು ತಿಂಗಳು ಚೆನ್ನಾಗಿ ಉರಿಯಿತು.

2021ರ ಜೂನ್, ಕತ್ತಲಾಗುವ ಹೊತ್ತು. ಐಸ್ ಪೆಟ್ಟಿಗೆಯಲ್ಲಿ ನಾಲ್ಕು ಸ್ಪ್ಯಾನಿಷ್ ಮ್ಯಾಕರೆಲ್ ಇದ್ದವು (ನಮ್ಮ ಅಂಜಲ್‌ನ ಕುಲದ್ದೇ ಮೀನು, ರುಚಿ ಸ್ವಲ್ಪ ಕಮ್ಮಿ). ಪಿನೆಲಾಸ್ ಬೇವೇ ರಸ್ತೆಯಲ್ಲಿ ಹಿಂದಿನ ಕಾರು ಎರಡು ಸಲ ಹಾರ್ನ್ ಹೊಡೆಯಿತು, ಮೂರನೇ ಸಲ ಟೈರು ಕಿರುಗುಟ್ಟಿದ ಸದ್ದು ಬಂತು. ಸಿಗ್ನಲ್‌ನಲ್ಲಿ ಆ ಹೆಂಗಸು ಪಕ್ಕಕ್ಕೆ ಬಂದು ಗಾಜು ಇಳಿಸಿ ಹೇಳಿದರು: ನಿಮ್ಮ ಟ್ರೇಲರಿಗೆ ಒಂದು ದೀಪವೂ ಇಲ್ಲ, ಬ್ರೇಕ್ ಹಾಕಿದ್ದೇ ತಿಳಿಯಲಿಲ್ಲ. ಅವರ ಹಿಂದಿನ ಸೀಟಲ್ಲಿ ಮಗು ಇತ್ತು. ಆ ಮಗುವಿನ ಮುಖ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಈ ವಿಮರ್ಶೆ ಇಷ್ಟುದ್ದ ಆಗುವುದಕ್ಕೆ ಅದೇ ಕಾರಣ.

ಮಾರನೆಯ ದಿನ ಮಲ್ಟಿಮೀಟರ್ ಹಿಡಿದು ಕೂತೆ. ದೀಪ ಬಿಚ್ಚಿ ವೈರಿನ ತುದಿಗೆ ಮೀಟರ್ ಇಟ್ಟರೆ 12 ವೋಲ್ಟ್ ತೋರಿಸುತ್ತದೆ. ದೀಪ ಸಿಕ್ಕಿಸಿದರೆ ಉರಿಯುವುದಿಲ್ಲ. ದೀಪವೇ ಸತ್ತಿದೆ ಅಂದುಕೊಂಡು ಅದನ್ನು ಬಿಡಿಯಾಗಿ ಕಾರಿನ ಬ್ಯಾಟರಿಗೆ ಹಿಡಿದರೆ ಝಗ್ಗನೆ ಉರಿಯಿತು. ಇಲ್ಲೇ ಬಹಳ ಜನ ಎಡವುತ್ತಾರೆ. ಮೀಟರ್ ಕರೆಂಟನ್ನು ಎಳೆಯುವುದೇ ಇಲ್ಲ ಅನ್ನುವಷ್ಟು ಕಡಿಮೆ ಎಳೆಯುತ್ತದೆ. ವೈರಿನೊಳಗೆ ಕೂದಲೆಳೆಯಷ್ಟು ತಾಮ್ರ ಉಳಿದಿದ್ದರೂ ಅದು 12 ಅಂತಲೇ ತೋರಿಸುತ್ತದೆ. ಹೊರೆ ಬಿದ್ದಾಗ ಮಾತ್ರ ಬಣ್ಣ ಬಯಲು. ಹಳೆಯ ದೀಪದ 1157 ನಂಬರಿನ ಬಲ್ಬ್ ಒಂದು ಡಬ್ಬದಲ್ಲಿತ್ತು. ಅದರ ಬ್ರೇಕ್ ತಂತು 2 ಆಂಪಿಯರ್‌ನಷ್ಟು ಎಳೆಯುತ್ತದೆ. ಅದನ್ನು ತುದಿಗೆ ಹಿಡಿದು ಅಳೆದಾಗ ಮೀಟರ್ 12ರಿಂದ 3ಕ್ಕೆ ಕುಸಿಯಿತು. ಅವತ್ತಿನಿಂದ ಆ ಬಲ್ಬ್‌ಗೆ ಎರಡು ವೈರು ಬೆಸೆದು ಪರೀಕ್ಷೆಗೆಂದೇ ಇಟ್ಟುಕೊಂಡಿದ್ದೇನೆ.

ಬಿಳಿ ವೈರನ್ನು, ಅಂದರೆ ಕರೆಂಟ್ ವಾಪಸ್ ಹೋಗುವ ಗ್ರೌಂಡನ್ನು, ಕ್ಲಿಪ್ಪಿನ ಹತ್ತಿರ ಕತ್ತರಿಸಿದೆ. ತಾಮ್ರ ಕಪ್ಪಗಿತ್ತು, ಅಂಚಿನಲ್ಲಿ ಹಸಿರು ಪುಡಿ. ನಾಲ್ಕು ಇಂಚು ಹಿಂದೆ ಹೋಗಿ ಸಿಪ್ಪೆ ಸುಲಿದೆ, ಅಲ್ಲೂ ಕಪ್ಪು. ಒಂದಡಿ ಹಿಂದೆಯೂ ಕಪ್ಪು. ಬೆರಳಲ್ಲಿ ಉಜ್ಜಿದರೆ ಎಳೆಗಳು ಮುರಿದು ಉದುರುತ್ತಿದ್ದವು. ಹೊರಗಿನ ಪ್ಲಾಸ್ಟಿಕ್ ಹೊಸದರ ಹಾಗೇ ಹೊಳೆಯುತ್ತಿತ್ತು. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಸಣ್ಣ ಎಳೆಗಳ ನಡುವಿನ ಸಂದಿ ಉಪ್ಪುನೀರನ್ನು ಹೀರಿಕೊಂಡು ಉದ್ದಕ್ಕೂ ಒಯ್ದಿತ್ತು. ಆ ನೀಲಿ ಕ್ಲಿಪ್ ಇದೆಯಲ್ಲ, ಅದರ ಕೆಲಸವೇ ವೈರಿನ ಸಿಪ್ಪೆಯನ್ನು ಬ್ಲೇಡಿನಿಂದ ಸೀಳಿ ಒಳಗಿನ ತಾಮ್ರ ಮುಟ್ಟುವುದು. ಒಣ ಜಾಗಕ್ಕೆ ನಡೆದೀತು. ಕಡಲಿಗೆ ಇಳಿಯುವ ವಸ್ತುವಿನ ಡಬ್ಬಿಯಲ್ಲಿ ಅದನ್ನು ಹಾಕಿ ಕೊಡುವುದು ತಪ್ಪು, ಹೊರಗೆ ದೊಡ್ಡದಾಗಿ ‘ನೀರಲ್ಲಿ ಮುಳುಗಿಸಬಹುದು’ ಅಂತ ಬರೆಯುವುದು ಇನ್ನೂ ದೊಡ್ಡ ತಪ್ಪು. ಮುಳುಗಿಸಬಹುದಾದದ್ದು ದೀಪ ಮಾತ್ರ.

ಆ ವೈರಿನ ತುಂಡನ್ನು ವೀಡಿಯೊ ಕಾಲ್‌ನಲ್ಲಿ ಅಮ್ಮನಿಗೆ ತೋರಿಸಿದೆ. “ಕಾಣ್ ಮಗಾ, ಕಲಾಯಿ ಇಲ್ದಿರೆ ತಾಮ್ರಕ್ಕೆ ಕಿಲುಬು ಹಿಡೀದೆ ಇರತ್ತಾ?” ಅಂದರು. ಕರೆಂಟಿನ ವಿಷಯ ಅವರಿಗೆ ಗೊತ್ತಿಲ್ಲ, ಪಾತ್ರೆಯ ವಿಷಯ ಗೊತ್ತು. ಮನೆಯ ತಾಮ್ರದ ಪಾತ್ರೆಗಳಿಗೆ ವರ್ಷಕ್ಕೊಮ್ಮೆ ಕಲಾಯಿಯವನನ್ನು ಕರೆಸಿ ತವರ ಬಳಿಸುತ್ತಿದ್ದರು. ಹುಳಿ, ಉಪ್ಪು ತಾಗಿದರೆ ಕಿಲುಬು ಏಳುತ್ತದೆ ಅಂತ. ದೋಣಿಗೆಂದು ಮಾರುವ ವೈರು ಸರಿಯಾಗಿ ಅದೇ: ಒಂದೊಂದು ಎಳೆಗೂ ತವರದ ಕಲಾಯಿ ಹಾಕಿದ ತಾಮ್ರ. ನಾನು ತಂದದ್ದು ಇಲ್ಲಿ ದೋಣಿಯ ವೈರು ಮಾಡುವ ಆ್ಯಂಕರ್ ಕಂಪನಿಯದು. ಸಿಪ್ಪೆ ಸುಲಿದರೆ ಒಳಗೆ ಬೆಳ್ಳಿಯ ಬಣ್ಣ ಕಾಣುತ್ತದೆ, ತಾಮ್ರದ ಕೆಂಪಲ್ಲ. ಅಂಗಡಿಯಲ್ಲಿ ಗುರುತು ಹಿಡಿಯುವುದಕ್ಕೆ ಅಷ್ಟು ಸಾಕು. ದುಬಾರಿ, ನಿಜ, ಕಿಟ್‌ಗೆ ಕೊಟ್ಟದ್ದಕ್ಕಿಂತ ವೈರಿಗೇ ಹೆಚ್ಚು ಕೊಟ್ಟೆ.

ಎರಡನೇ ಸಲ ಮಾಡಿದ ವೈರಿಂಗ್ ಇವತ್ತಿಗೂ ಇದೆ. ದೀಪಗಳಿಗೆ 16 ಗೇಜ್, ಗ್ರೌಂಡಿಗೆ ಇನ್ನೂ ದಪ್ಪದ 14 ಗೇಜ್. ಬಣ್ಣಗಳು ಇಲ್ಲಿನ ರೂಢಿಯವೇ: ಕಂದು ಟೈಲ್ ಲೈಟಿಗೆ, ಹಳದಿ ಎಡಗಡೆಯ ಬ್ರೇಕ್ ಮತ್ತು ಇಂಡಿಕೇಟರಿಗೆ, ಹಸಿರು ಬಲಗಡೆಗೆ, ಬಿಳಿ ಗ್ರೌಂಡಿಗೆ. ಡಬ್ಬಿಯ ಚೀಟಿಯಲ್ಲಿ ಹೇಳಿರುವುದು ಬಿಳಿ ವೈರನ್ನು ಟ್ರೇಲರಿನ ಮೂತಿಯಲ್ಲೇ ಕಬ್ಬಿಣಕ್ಕೆ ಬೋಲ್ಟ್ ಮಾಡಿ, ಹಿಂದಿನ ದೀಪಗಳನ್ನೂ ಅಲ್ಲಲ್ಲೇ ಕಬ್ಬಿಣಕ್ಕೆ ಕಟ್ಟಿ ಅಂತ. ಅಂದರೆ ಟ್ರೇಲರಿನ ಮೈಯೇ ಒಂದು ವೈರು. ಸತು ಬಳಿದ ಕಬ್ಬಿಣ, ಬೇರೆ ಲೋಹದ ಬೋಲ್ಟ್, ನಡುವೆ ಉಪ್ಪುನೀರು: ಎರಡು ಲೋಹ ಉಪ್ಪಲ್ಲಿ ನೆನೆದರೆ ಅದು ಬ್ಯಾಟರಿಯೇ, ಒಂದು ಇನ್ನೊಂದನ್ನು ತಿನ್ನುತ್ತದೆ. ಈ ಸಲ ನಾನು ಆ ಗೊಡವೆಗೇ ಹೋಗಲಿಲ್ಲ. ಒಂದೊಂದು ದೀಪದಿಂದಲೂ ಬಿಳಿ ವೈರನ್ನು ಮುಂದಿನ ಪ್ಲಗ್‌ವರೆಗೆ ಎಳೆದೆ. ಈ ಇಡೀ ಬರಹದಲ್ಲಿ ಒಂದನ್ನೇ ಮಾಡುತ್ತೀರಿ ಅಂದರೆ ಇದನ್ನು ಮಾಡಿ. ಬಲ್ಬಿನ ಟ್ರೇಲರ್‌ಗಳಲ್ಲಿ ಎಡಕ್ಕೆ ಇಂಡಿಕೇಟರ್ ಹಾಕಿದರೆ ಎರಡೂ ಕಡೆ ಮಂಕಾಗಿ ಮಿನುಗುವುದು, ಬ್ರೇಕ್ ಒತ್ತಿದರೆ ಟೈಲ್ ಲೈಟೇ ಆರುವುದು, ಇಂಥ ದೆವ್ವದ ಆಟವೆಲ್ಲ ಕೆಟ್ಟ ಗ್ರೌಂಡಿನದು. ಕರೆಂಟಿಗೆ ವಾಪಸ್ ಹೋಗಲು ದಾರಿ ಸಿಗದೆ ಪಕ್ಕದ ಬಲ್ಬಿನ ಮೂಲಕ ನುಗ್ಗುತ್ತದೆ.

ಜೋಡಣೆಗೆ ಒಳಗೆ ಅಂಟು ಇರುವ, ಬಿಸಿಗೆ ಕುಗ್ಗುವ ಹೀಟ್ ಶ್ರಿಂಕ್ ಕನೆಕ್ಟರ್. ಅಂಟಿಲ್ಲದ ಅಗ್ಗದ್ದೂ ಬರುತ್ತದೆ, ನೋಡಲು ಒಂದೇ ಥರ, ಅದು ಬೇಡ. ವೈರನ್ನು ಕ್ರಿಂಪ್ ಮಾಡಿ (ಇಕ್ಕಳದಿಂದ ಒತ್ತಿ ಬಿಗಿದು), ಎಳೆದು ನೋಡಿ, ಆಮೇಲೆ ಹೀಟ್ ಗನ್ನಿನಿಂದ ಬಿಸಿ ಮಾಡಬೇಕು. ಕೊಳವೆ ಕುಗ್ಗಿ ಎರಡೂ ತುದಿಯಲ್ಲಿ ಅಂಟು ಸಣ್ಣ ಉಂಗುರದ ಹಾಗೆ ಉಕ್ಕಿ ಬರುತ್ತದೆ. ಆ ಉಂಗುರ ಸುತ್ತಲೂ ಬಂತೆಂದರೆ ನೀರು ಒಳಗೆ ಹೋಗುವುದಿಲ್ಲ. ಒಂದು ಕಡೆ ಬರದಿದ್ದರೆ ಕತ್ತರಿಸಿ ಮತ್ತೆ ಮಾಡಿ. ನಾನು ಎರಡನ್ನು ಹಾಗೆ ಕತ್ತರಿಸಿದೆ. ಬರಿ ಬೆಸುಗೆ ಹಾಕಿ ಟೇಪ್ ಸುತ್ತಿದರೆ ಸಾಲದೇ ಅಂತ ಕೇಳುತ್ತಾರೆ. ಬೆಸುಗೆ ಹಾಕಿದ ಜಾಗ ಗಡುಸಾಗಿ, ರಸ್ತೆಯ ಕುಲುಕಾಟಕ್ಕೆ ಅದರ ಪಕ್ಕದಲ್ಲೇ ಎಳೆ ಮುರಿಯುತ್ತದೆ. ಟೇಪ್ ಅಂತೂ ಫ್ಲೋರಿಡಾದ ಬಿಸಿಲಿಗೆ ಕರಗಿ ಜಾರುತ್ತದೆ. ವೈರು ಕಬ್ಬಿಣದ ತೂತು ದಾಟುವ ಕಡೆಯೆಲ್ಲ ರಬ್ಬರ್ ಬಳೆ ಹಾಕಿದೆ, ಕಟ್ಟಲು ಬಿಸಿಲು ತಡೆಯುವ ಕಪ್ಪು ಟೈ.

ಹಿಂದಿನ ಎರಡು ದೀಪಗಳನ್ನೂ ಮೇಲಕ್ಕೆ ಎತ್ತಿದೆ. ದೋಣಿ ನೇರವಾಗಿ ಟ್ರೇಲರಿಗೆ ಬರಲೆಂದು ಎರಡೂ ಬದಿ ಬಿಳಿ ಪಿವಿಸಿ ಕಂಬ ನಿಲ್ಲಿಸಿರುತ್ತಾರೆ, ಅದರ ತಲೆಗೇ ದೀಪ ಕೂರಿಸಿ ವೈರನ್ನು ಪೈಪಿನೊಳಗೆ ಇಳಿಸಿದೆ. ಈಗ ಅವು ನೀರು ಮುಟ್ಟುವುದು ಅಪರೂಪ, ಹಿಂದಿನ ಕಾರಿನವರ ಕಣ್ಣಿನ ಮಟ್ಟಕ್ಕೂ ಬಂದವು. ನಂಬರ್ ಪ್ಲೇಟಿಗೆ ಬೆಳಕು ಕೊಡುವುದು ಎಡಗಡೆಯ ದೀಪದ ಕೆಳಗಿನ ಬಿಳಿ ಕಿಂಡಿ. ಹಾಗಾಗಿ ಪ್ಲೇಟನ್ನೂ ಅದರ ಜೊತೆಗೇ ಮೇಲೆ ಸರಿಸಬೇಕಾಯಿತು. ಇದನ್ನು ಮರೆಯಬೇಡಿ.

ನೀರಿಗೆ ಇಳಿಸುವ ಮೊದಲು ಕಾರಿನಿಂದ ಪ್ಲಗ್ ತೆಗೆಯುತ್ತೇನೆ, ಪ್ರತಿ ಸಲವೂ. ಎಲ್‌ಇಡಿಗೆ ಅದು ಬೇಕಿಲ್ಲ ಅನ್ನುವವರಿದ್ದಾರೆ. ಆದರೆ ರ‍್ಯಾಂಪಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟೇ ಇರುತ್ತೇವೆ, ಅಂದರೆ ಮುಳುಗಿದ ವೈರಿನಲ್ಲಿ ಕರೆಂಟ್ ಇರುತ್ತದೆ. ಎಲ್ಲಾದರೂ ಸೂಜಿಮೊನೆಯಷ್ಟು ತಾಮ್ರ ಬಯಲಾಗಿದ್ದರೆ ಉಪ್ಪುನೀರಿನಲ್ಲಿ ಅದು ಕರಗಿ ಹೋಗಲು ಹೆಚ್ಚು ಕಾಲ ಬೇಡ. ಸರ್ಜ್ ಬ್ರೇಕ್ (ಟ್ರೇಲರ್ ಕಾರನ್ನು ಮುಂದಕ್ಕೆ ತಳ್ಳುವ ಒತ್ತಡಕ್ಕೇ ಹಿಡಿಯುವ ಬ್ರೇಕ್) ಇರುವ ಹಲವು ಟ್ರೇಲರ್‌ಗಳಿಗೆ ಐದನೆಯ ನೀಲಿ ವೈರು ಇರುತ್ತದೆ, ಹಿಂದಕ್ಕೆ ತಳ್ಳುವಾಗ ಬ್ರೇಕ್ ಹಿಡಿಯದಂತೆ ನೋಡಿಕೊಳ್ಳುವುದು ಅದು. ಪ್ಲಗ್ ತೆಗೆದರೆ ಅದೂ ಕೆಲಸ ಮಾಡುವುದಿಲ್ಲ, ಅಂಥವರು ಮೊದಲು ತಮ್ಮ ಟ್ರೇಲರಿನ ಕೈಪಿಡಿ ನೋಡಿಕೊಳ್ಳಿ. ಮನೆಗೆ ಬಂದ ಮೇಲೆ ಸಿಹಿನೀರಿನಲ್ಲಿ ತೊಳೆಯುವುದು ಇದ್ದೇ ಇದೆ, ಚೌಕದ ಕೊಳವೆಗಳ ಒಳಕ್ಕೂ ಹೋಸ್ ಹಿಡಿಯಬೇಕು.

ಪ್ಲಗ್‌ಗೆ ಡೈಎಲೆಕ್ಟ್ರಿಕ್ ಗ್ರೀಸ್ ತೆಳುವಾಗಿ ಸವರುತ್ತೇನೆ. ಅದು ಕರೆಂಟ್ ಹರಿಸುವ ಗ್ರೀಸ್ ಅಲ್ಲ, ನೀರು ಬರದಂತೆ ತಡೆಯುವುದಷ್ಟೇ ಅದರ ಕೆಲಸ. ಮೊದಲೇ ಕಿಲುಬು ಹಿಡಿದ ಪಿನ್ನಿನ ಮೇಲೆ ಮೆತ್ತಿದರೆ ಏನೂ ಉಪಯೋಗವಿಲ್ಲ. ಸಣ್ಣ ಮರಳುಕಾಗದದಲ್ಲಿ ಉಜ್ಜಿ, ಹಿತ್ತಾಳೆ ಹೊಳೆದ ಮೇಲೆ ಹಚ್ಚಬೇಕು.

2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಚಂಡಮಾರುತ ಬಂದಾಗ ನಮ್ಮ ಬೀದಿಗೆ ರಾತ್ರಿ ಕಡಲು ನುಗ್ಗಿತು. ದೋಣಿ, ಕಾರು ಎರಡನ್ನೂ ಮೊದಲೇ ಎತ್ತರದ ಜಾಗಕ್ಕೆ ಸಾಗಿಸಿದ್ದೆವು, ಬರಿ ಟ್ರೇಲರ್ ಅಂಗಳದಲ್ಲೇ ಉಳಿದಿತ್ತು. ಬೆಳಗ್ಗೆ ಬಂದು ನೋಡಿದರೆ ಚಕ್ರದ ಮೇಲಿನವರೆಗೆ ನೀರು ನಿಂತ ಗುರುತು, ಮೈತುಂಬಾ ಕೆಸರು. ಇಡೀ ವೈರಿಂಗ್ ಗಂಟೆಗಟ್ಟಲೆ ಮುಳುಗಿತ್ತು. ತೊಳೆದು, ಒಣಗಲು ಬಿಟ್ಟು, ಎರಡು ದಿನ ಆದ ಮೇಲೆ ಪ್ಲಗ್ ಹಾಕಿದೆ. ಟೈಲ್, ಬ್ರೇಕ್, ಎಡ, ಬಲ, ನಾಲ್ಕೂ ಉರಿದವು. ಬೀದಿಯಲ್ಲಿ ಜನ ಒದ್ದೆ ಹಾಸಿಗೆ, ಸೋಫಾ ಹೊರಗೆ ಹಾಕುತ್ತಿದ್ದರು, ಆ ದಿನ ಖುಷಿ ಪಡುವುದಕ್ಕೂ ಮನಸ್ಸಾಗಲಿಲ್ಲ. ಆಮೇಲೆ ಎರಡು ವಾರ ಅದೇ ಟ್ರೇಲರಿನಲ್ಲಿ ಪಕ್ಕದ ಮನೆಗಳ ಸಾಮಾನು ಸಾಗಿಸಿದೆವು, ಹೆಚ್ಚಾಗಿ ಕತ್ತಲಾದ ಮೇಲೆ.

ಅರ್ಧ ನಕ್ಷತ್ರ ಕಳೆದದ್ದು ಯಾಕೆಂದರೆ, ಪಕ್ಕದ ಹಳದಿ ಮಾರ್ಕರ್ ದೀಪಗಳ ಮುಖ ಬಿಸಿಲಿಗೆ ಮಬ್ಬಾಗಿದೆ, ಬಲಗಡೆಯದರೊಳಗೆ ನೀರಿನ ಹನಿ ಕಾಣುತ್ತದೆ. ಇನ್ನೂ ಉರಿಯುತ್ತಿದೆ. ಕೆಟ್ಟ ದಿನ ಬಿಚ್ಚಿ ರಿಪೇರಿ ಮಾಡುವ ಹಾಗಿಲ್ಲ, ಎಸೆದು ಬೇರೆ ತರಬೇಕು. ಎಷ್ಟು ಜೋಪಾನ ಮಾಡಿದರೂ ಎರಡು ವರ್ಷಕ್ಕೊಮ್ಮೆ ಸೋಲುವುದು ಮುಂದಿನ ನಾಲ್ಕು ಪಿನ್ನಿನ ಪ್ಲಗ್. ಅದನ್ನು ಕೆಡುವ ಮೊದಲೇ ಬದಲಿಸುತ್ತೇನೆ, ಅದಕ್ಕೆಂದೇ ಟ್ರೇಲರಿನ ಮೂತಿಯಲ್ಲಿ ಒಂದು ಅಡಿ ವೈರು ಸುರುಳಿ ಸುತ್ತಿ ಹೆಚ್ಚಿಗೆ ಬಿಟ್ಟಿದ್ದೇನೆ.

ಕಳೆದ ಶನಿವಾರ ಎರಡನೇ ಸಲ ಬದಲಿಸಿದೆ. ಹಳೆಯ ಪ್ಲಗ್ ಕತ್ತರಿಸಿ ಬಿಳಿ ವೈರನ್ನು ಅರ್ಧ ಇಂಚು ಸುಲಿದರೆ ಒಳಗಿನ ಎಳೆಗಳು ತಂದ ದಿನದಷ್ಟೇ ಬೆಳ್ಳಗಿದ್ದವು. ಫೋಟೊ ತೆಗೆದು ಅಮ್ಮನಿಗೆ ಕಳಿಸಿದ್ದೇನೆ.