ಜೈಲು ಬೆಡ್ ಲೆಕ್ಕ ಹಾಕಿಕೊಟ್ಟ ಕನ್ಸಲ್ಟೆಂಟ್, 5ಕ್ಕೆ 3 ಸ್ಟಾರ್

ಕ್ಯಾಲಿಫೋರ್ನಿಯಾದ ನಮ್ ಕೌಂಟಿಗೆ ಇಂಪ್ಯಾಕ್ಟ್ ಫೀ (ಹೊಸ ಕಟ್ಟಡಗಳಿಂದ ಹೆಚ್ಚೋ ಸರ್ಕಾರಿ ಸೌಲಭ್ಯದ ಖರ್ಚಿಗೆ ಹಾಕೋ ಶುಲ್ಕ) ಸ್ಟಡಿ ಮಾಡ್ಸಿದ್ವಿ, ಹೊಸ ಮನೆ ಕಟ್ಟೋರಿಂದ ಜೈಲಿಗೆ ಅಂತ ಎಷ್ಟು ತಗೋಬಹುದು ನೋಡೋಕೆ. ಮೊದಲ ಡ್ರಾಫ್ಟಲ್ಲಿ ಇರೋ ಬೆಡ್ಡೆಲ್ಲಾ ಎಣಿಸಿ ಜನಸಂಖ್ಯೆಗೆ ಭಾಗಿಸಿ ಕೈತೊಳ್ಕೊಂಡಿದ್ರು! ಬೆಡ್ ಖಾಲಿ ಇದ್ದ ಮಾತ್ರಕ್ಕೆ ಜಾಗ ಇದೆ ಅಂತಲ್ಲ ಸ್ವಾಮಿ, ಹೆಂಗಸ್ರನ್ನ ಬೇರೆ, ಹುಷಾರಿಲ್ದೋರನ್ನ ಬೇರೆ, ಜಗಳಗಂಟ್ರನ್ನ ಬೇರೆ ಇಡ್ಬೇಕು, ಹಂಗಾಗಿ ಪೂರ್ತಿ ತುಂಬೋ ಮುಂಚೆನೇ ಜೈಲು ಫುಲ್ಲು, ದಿನದ ಸರಾಸರಿ ಜೊತೆ ಪೀಕ್ ದಿನಗಳನ್ನೂ ನೋಡ್ಬೇಕು. ಹೇಳಿದ್ಮೇಲೆ ತಿದ್ದಿದ್ರು ಬಿಡಿ. ಇಷ್ಟ ಆಗಿದ್ದು ಅಂದ್ರೆ ಈಗಾಗ್ಲೇ ಇರೋ ಕೊರತೆನ ಹೊಸಬರ ತಲೆಗೆ ಕಟ್ಟಲಿಲ್ಲ, 2024ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಶೀಟ್ಸ್ ಕೇಸಲ್ಲಿ (ಇಂಥ ಫೀ ವಿರುದ್ಧ ಒಬ್ಬರು ಕೌಂಟಿ ಮೇಲೆ ಹಾಕಿದ್ದ ಕೇಸು) ಕೊಟ್ಟ ತೀರ್ಪಾದ್ಮೇಲೆ ಹಂಗೆ ಕಟ್ಟೋದು ಇನ್ನೂ ರಿಸ್ಕು. ರಿಪೋರ್ಟ್ ಮಾತ್ರ ಎರಡು ತಿಂಗಳು ಲೇಟು.