ಜೀನ್ಸಿನ ಮೇಲೆ ಹಾವೊರಿ: ಕೆಲವು ವರ್ಷಗಳ ಬಳಕೆಯ ನಂತರ

ಕ್ಯೋಟೊದಲ್ಲಿ ಉದ್ಯೋಗದಲ್ಲಿರುವ ನಾನು, ಕಿಮೊನೊದ ಮೇಲೆ ಧರಿಸಲೆಂದು ಹೊಲಿಯುವ ಹಾವೊರಿ ಎಂಬ ಮೇಲಂಗಿಯನ್ನು ಕೆಲವು ವರ್ಷಗಳಿಂದ ಕಿಮೊನೊ ಇಲ್ಲದೆಯೇ, ಸಾದಾ ಶರ್ಟು ಮತ್ತು ಜೀನ್ಸಿನ ಮೇಲೆ ಕಚೇರಿಗೂ ಪೇಟೆಗೂ ಹಾಕಿಕೊಂಡು ಹೋಗುತ್ತಿದ್ದೇನೆ. ನನ್ನ ಬಳಿ ಇರುವ ಎರಡೂ ಹಳೆಯ ಬಟ್ಟೆಗಳ ಅಂಗಡಿಯಲ್ಲಿ ಕೊಂಡವು: ಒಂದು ಹೆಂಗಸರದು, ಚಿರಿಮೆನ್ ಎಂಬ ಕಪ್ಪು ಕ್ರೇಪ್ ರೇಷ್ಮೆಯದು; ಇನ್ನೊಂದು ಗಂಡಸರದು, ತ್ಸುಮುಗಿ ಎಂಬ ಗಂಟುನೂಲಿನ ರೇಷ್ಮೆಯದು. ತೀರ್ಮಾನವನ್ನು ಮೊದಲೇ ಹೇಳುವುದಾದರೆ, ದಿನಬಳಕೆಗೆ ಒದಗಿದ್ದು ಗಂಡಸರದು. ನಾನು ಹೆಂಗಸಾದರೂ ಅದನ್ನೇ ಹೆಚ್ಚು ಧರಿಸುತ್ತೇನೆ.

ಜಪಾನಿನ ಸಾಂಪ್ರದಾಯಿಕ ಉಡುಪನ್ನು ಇಂದಿನ ಬಟ್ಟೆಗಳೊಂದಿಗೆ ಬೆರೆಸಬೇಕೆನ್ನುವವರಿಗೆ ಹಾವೊರಿಯಷ್ಟು ಸುಲಭವಾದ ಆರಂಭ ಮತ್ತೊಂದಿಲ್ಲ. ಅದರ ಮುಂಭಾಗದ ಎರಡು ಅಂಚುಗಳು ಒಂದರ ಮೇಲೊಂದು ಬರುವುದಿಲ್ಲವಾದ್ದರಿಂದ, ಎಡಭಾಗ ಮೇಲಿರಬೇಕೆಂಬ ಕಿಮೊನೊದ ನಿಯಮವಾಗಲಿ ಸೊಂಟಕ್ಕೆ ಸುತ್ತುವ ಓಬಿಯಾಗಲಿ ಇಲ್ಲಿ ಬೇಕಾಗುವುದಿಲ್ಲ. ಎದೆಯ ಬಳಿ ಒಂದು ಹುರಿಯನ್ನು ಕಟ್ಟಿದರೆ ಸಾಕು. ಬೆಲೆಯೂ ಕೈಗೆಟಕುತ್ತದೆ. 1955ರಿಂದ 1975ರವರೆಗಿನ ಎರಡು ದಶಕಗಳಲ್ಲಿ ಮಕ್ಕಳ ಶಾಲಾ ಪ್ರವೇಶ ಮತ್ತು ಪದವಿ ಸಮಾರಂಭಗಳಿಗೆ ತಾಯಂದಿರು ಕಪ್ಪು ಹಾವೊರಿ ಧರಿಸಿ ಹೋಗುವುದು ರೂಢಿಯಾಗಿತ್ತು. ಆ ರೂಢಿ ಮರೆಯಾದ ಮೇಲೆ ಮನೆಗಳ ಬೀರುಗಳಿಂದ ಹೊರಬಿದ್ದ ಹಾವೊರಿಗಳು ಇಂದಿಗೂ ಪ್ರತಿ ತಿಂಗಳ 21ರಂದು ಕ್ಯೋಟೊದ ತೋಜಿ ದೇವಾಲಯದಲ್ಲಿ ಮತ್ತು 25ರಂದು ಕಿತಾನೊ ತೆನ್ಮಾಂಗು ಎಂಬ ಶಿಂತೊ ಗುಡಿಯಲ್ಲಿ ನಡೆಯುವ ಸಂತೆಗಳಲ್ಲಿ ರಾಶಿರಾಶಿಯಾಗಿ ಸಿಗುತ್ತವೆ.

ತೊಡಕಿರುವುದೆಲ್ಲ ತೋಳಿನಲ್ಲಿ. ಹೆಂಗಸರ ಹಾವೊರಿಯ ತೋಳು ಮೇಲ್ಭಾಗದಲ್ಲಿ ಮಾತ್ರ ಮೈಗೆ ಹೊಲಿಯಲ್ಪಟ್ಟಿದ್ದು, ಉಳಿದ ಭಾಗ ಬಿಡಿಯಾಗಿ ಸುಮಾರು ಅರ್ಧ ಮೀಟರಿನಷ್ಟು ಕೆಳಗೆ ಜೋತಾಡುತ್ತದೆ. ಕಿಮೊನೊದ ತೋಳು ಒಳಗಿದ್ದರೆ ಅದಕ್ಕೊಂದು ಆಧಾರವಿರುತ್ತದೆ. ಬರಿಯ ಶರ್ಟಿನ ಮೇಲೆ ಅದು ಬಾಗಿಲ ಹಿಡಿಗೆ ಸಿಕ್ಕಿಕೊಳ್ಳುತ್ತದೆ, ಊಟದ ಹೊತ್ತಿನಲ್ಲಿ ಬಟ್ಟಲಿನ ಮೇಲೆ ಹಾಯುತ್ತದೆ, ಸೈಕಲ್ಲಿನ ಮೇಲಂತೂ ಅಪಾಯವೇ ಸರಿ. ಗಂಡಸರ ಹಾವೊರಿಯ ತೋಳು ಬಹುಪಾಲು ಮೈಗೇ ಸೇರಿಕೊಂಡಿರುವುದರಿಂದ ಅಷ್ಟು ಓಲಾಡುವುದಿಲ್ಲ. ಎರಡರ ಮೇಲೂ ಸಾಮಾನ್ಯ ಚಳಿಗಾಲದ ಕೋಟು ಕೂರುವುದಿಲ್ಲ. ಜನವರಿಯಲ್ಲಿ ತೋಳಿಲ್ಲದ ಕೇಪ್ ಅನಿವಾರ್ಯ. ಬೆನ್ನಿಗೆ ಹಾಕುವ ಬ್ಯಾಗು ರೇಷ್ಮೆಯನ್ನು ಸವೆಸುವುದರಿಂದ, ಹಗುರವಾದ ಸಾಮಾನಿದ್ದ ದಿನ ಫುರೊಶಿಕಿ ಬಟ್ಟೆಯಲ್ಲಿ ಗಂಟು ಕಟ್ಟಿ ಕೈಯಲ್ಲಿ ಹಿಡಿಯುತ್ತೇನೆ.

ಕೊಳ್ಳುವಾಗ ಕತ್ತಿನ ಹಿಂಭಾಗದ ಮಧ್ಯದಿಂದ ಭುಜದ ಮೇಲಾಗಿ ಮಣಿಕಟ್ಟಿನವರೆಗಿನ ಅಳತೆಯನ್ನು ಮುಖ್ಯವಾಗಿ ನೋಡಬೇಕು. ಕಿಮೊನೊ ಬಟ್ಟೆಯ ಅಗಲ ಸುಮಾರು 36ರಿಂದ 38 ಸೆಂಟಿಮೀಟರ್ ಮಾತ್ರವಿದ್ದು, ಬೆನ್ನಿನ ಅರ್ಧಕ್ಕೆ ಒಂದು ಅಗಲ ಮತ್ತು ತೋಳಿಗೆ ಇನ್ನೊಂದು ಅಗಲ ಬಳಕೆಯಾಗುವುದರಿಂದ, ಹಳೆಯ ಉಡುಪುಗಳಲ್ಲಿ ತೋಳನ್ನು ಉದ್ದ ಮಾಡಿಸಲು ಹೆಚ್ಚಿನ ಅವಕಾಶವಿರುವುದಿಲ್ಲ. ಶರ್ಟಿನ ಕಫ್ ತುಸು ಹೊರಗೆ ಕಂಡರೆ ನನ್ನ ದೃಷ್ಟಿಯಲ್ಲಿ ಅದು ಕೊರತೆಯಲ್ಲ, ಒಪ್ಪುತ್ತದೆ ಕೂಡ.

ಮೈಸೂರು ರೇಷ್ಮೆಯ ಕ್ರೇಪ್ ಸೀರೆ ಉಟ್ಟವರಿಗೆ ಚಿರಿಮೆನ್ನಿನ ಇಳಿಬೀಳುವ ಗುಣ ಪರಿಚಿತವೆನಿಸುತ್ತದೆ. ಆದರೆ ಹೆಚ್ಚು ಹುರಿ ಹಾಕಿದ ನೂಲಿನ ಈ ಬಟ್ಟೆ ನೀರು ತಾಕಿದರೆ ಕುಗ್ಗುವುದರಿಂದ, ಜೂನ್‌ ಮತ್ತು ಜುಲೈನ ಮಳೆಗಾಲದಲ್ಲಿ ಅದನ್ನು ಹೊರಗೆ ತೆಗೆಯುವಂತಿಲ್ಲ. ಹೊಲಿಗೆಯನ್ನೆಲ್ಲ ಬಿಚ್ಚಿ, ತುಂಡುಗಳನ್ನು ತೊಳೆದು, ಮತ್ತೆ ಹೊಲಿಯುವ ಅರಾಯಿ-ಹರಿ ಎಂಬ ಹಳೆಯ ಕ್ರಮಕ್ಕೆ ತಗಲುವ ಖರ್ಚು ನಾನು ಕೊಟ್ಟ ಬೆಲೆಯ ಎಷ್ಟೋ ಪಾಲು ಹೆಚ್ಚು. ಗಂಟುಗಂಟಾದ ನೂಲಿನ, ಹೊಳಪಿಲ್ಲದ ತ್ಸುಮುಗಿ ಡೆನಿಮ್ಮಿಗೆ ಸರಿಸಮನಾಗಿ ನಿಲ್ಲುತ್ತದೆ. ಗಂಡಸರ ಹಾವೊರಿಯ ಚೆಲುವು ಇರುವುದು ಒಳಗಿನ ಲೈನಿಂಗ್‌ನಲ್ಲಿ. ಎದೊ ಕಾಲದ (ಹದಿನೇಳರಿಂದ ಹತ್ತೊಂಬತ್ತನೆಯ ಶತಮಾನದವರೆಗಿನ) ಆಡಂಬರ ನಿಷೇಧಗಳ ನಡುವೆ ಪಟ್ಟಣಿಗರು ಹೊರಗೆ ಸಾದಾ ಬಟ್ಟೆಯಿಟ್ಟು ಚಿತ್ರಗಳನ್ನು ಒಳಗೆ ಸೇರಿಸುತ್ತಿದ್ದ ಪದ್ಧತಿ ಅದು. ನನ್ನದರಲ್ಲಿ ಫ್ಯೂಜಿ ಬೆಟ್ಟವಿದೆ. ಕಚೇರಿಯಲ್ಲಿ ಕಳಚಿ ನೇತುಹಾಕಿದಾಗಲೇ ಸಹೋದ್ಯೋಗಿಗಳಿಗೆ ಕಾಣುವುದು. ಈ ಲೈನಿಂಗ್ ಕಂಕುಳ ಬಳಿ ಜೀರ್ಣವಾಗಿ ಹರಿದಾಗ ತೆನುಗುಯಿ ಎಂಬ ಹತ್ತಿ ಕೈವಸ್ತ್ರದ ತುಂಡನ್ನು ತೇಪೆ ಹಾಕಿದೆ. ಗಟ್ಟಿಯಾಗಿದೆ, ಆದರೆ ರೇಷ್ಮೆಯ ಮೇಲೆ ಜಾರುವಂತೆ ಅದರ ಮೇಲೆ ಕೈ ಜಾರುವುದಿಲ್ಲ.

ಜನರ ಪ್ರತಿಕ್ರಿಯೆಯ ಬಗ್ಗೆ ಅಂಜಬೇಕಾಗಿಲ್ಲ. ಹಾವೊರಿಯ ಕಾಲರನ್ನು ಹೊರಕ್ಕೆ ಮಡಿಸಿಕೊಳ್ಳದೆ ಬಸ್ಸು ಹತ್ತಿದ ದಿನ ಅಪರಿಚಿತ ಅಜ್ಜಿಯೊಬ್ಬರು ಒಂದೂ ಮಾತಾಡದೆ ಅದನ್ನು ಮಡಿಸಿ ಸರಿಪಡಿಸಿದ್ದುಂಟು. ಜೀನ್ಸಿನ ಬಗ್ಗೆ ಅವರ ಆಕ್ಷೇಪವೇನೂ ಇರಲಿಲ್ಲ.

ಬೆಂಗಳೂರಿನ ಗೆಳತಿಯರು ತಮಗೂ ಒಂದು ತರಲು ಕೇಳುತ್ತಿರುತ್ತಾರೆ. ಅಲ್ಲಿನ ಡಿಸೆಂಬರ್ ಸಂಜೆಗಳಿಗೆ ಲೈನಿಂಗ್ ಇಲ್ಲದ ಒಂಟಿಪದರದ ಹಾವೊರಿಯೇ ಸಾಕು. ಸ್ಕೂಟರ್ ಓಡಿಸುವವರಾದರೆ ತೋಳನ್ನು ಮೊದಲು ಕಿರಿದು ಮಾಡಿಸಿಕೊಳ್ಳಲಿ.